ಹುತ್ತದ ಉಸಿರು: ನಿಸರ್ಗದಿಂದ ಕಲಿಯುವುದನ್ನು ತರಗತಿಗೆ ತರುವ ಬಗೆ

ಬೋಧನಾಭ್ಯಾಸದ ಪಾಠಗಳಲ್ಲಿ ‘ನಿಸರ್ಗವೇ ಗುರು’ ಎಂಬ ವಿಷಯ ಬಂದಾಗ ಕಪ್ಪುಹಲಗೆಯ ಮೇಲೆ ಸಾಮಾನ್ಯವಾಗಿ ಒಂದು ಕೋಷ್ಟಕ ಮೂಡುತ್ತದೆ. ಎಡಗಡೆ ಹಕ್ಕಿ, ಬಲಗಡೆ ವಿಮಾನ. ಎಡಗಡೆ ಮಿಂಚುಳ್ಳಿ, ಬಲಗಡೆ ಜಪಾನಿನ ಬುಲೆಟ್ ರೈಲು. ಎಡಗಡೆ ತಾವರೆ ಎಲೆ, ಬಲಗಡೆ ಕೊಳೆ ಹಿಡಿಯದ ಬಣ್ಣ. ಕೊನೆಯಲ್ಲಿ, ಎಡಗಡೆ ಗೆದ್ದಲ ಹುತ್ತ, ಬಲಗಡೆ ಆಫ್ರಿಕಾದ ಒಂದು ತಂಪು ಕಟ್ಟಡ. ಮಕ್ಕಳು ಬರೆದುಕೊಳ್ಳುತ್ತಾರೆ. ಮೌಲ್ಯಮಾಪನದ ಹಂತದಲ್ಲಿ ‘ಹೊಂದಿಸಿ ಬರೆಯಿರಿ’ ಕೊಡುತ್ತೇವೆ. ಎಲ್ಲರೂ ಸರಿಯಾಗಿಯೇ ಹೊಂದಿಸುತ್ತಾರೆ. ಉದ್ದೇಶ ಈಡೇರಿತೆಂದು ವೀಕ್ಷಣಾ ನಮೂನೆಯಲ್ಲಿ ದಾಖಲಾಗುತ್ತದೆ.

ಈ ಕೋಷ್ಟಕದ ತೊಂದರೆ ಏನೆಂದರೆ, ಕಲಿಯಬೇಕಾದದ್ದು ಎಡಗಡೆಯಲ್ಲೂ ಇಲ್ಲ, ಬಲಗಡೆಯಲ್ಲೂ ಇಲ್ಲ, ನಡುವಿನ ಗೆರೆಯಲ್ಲಿದೆ. ಹಕ್ಕಿಯನ್ನು ನೋಡಿದವನು ವಿಮಾನಕ್ಕೆ ಹೇಗೆ ಬಂದ? ಏನನ್ನು ತೆಗೆದುಕೊಂಡ, ಏನನ್ನು ಬಿಟ್ಟ? ಆ ಗೆರೆಯನ್ನು ನಾವು ಖಾಲಿ ಬಿಡುತ್ತೇವೆ. ಜೊತೆಗೆ, ಕೋಷ್ಟಕದ ಕೊನೆಯ ಸಾಲು ನಾವು ಬರೆಯುವ ರೀತಿಯಲ್ಲಿ ಪೂರ್ತಿ ನಿಜವೂ ಅಲ್ಲ. ಅದನ್ನು ತಿದ್ದಿದ ಅಳತೆಗಳಲ್ಲಿ ಒಂದು ನಡೆದದ್ದು ಪುರವರದಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ನಮ್ಮ ಹೊಲದ ಬದುಗಳಲ್ಲಿ ಕಾಣುವಂಥದೇ ಹುತ್ತಗಳ ಮೇಲೆ. ಈ ಲೇಖನದ ಹೆಚ್ಚಿನ ಭಾಗ ಆ ಹುತ್ತದ ಬಗ್ಗೆಯೇ ಇದೆ.

ಜೀವಿಗಳ ರಚನೆ, ಕೆಲಸ, ವ್ಯವಸ್ಥೆಗಳನ್ನು ನೋಡಿ ಅವುಗಳ ಹಿಂದಿನ ತತ್ವವನ್ನು ಮನುಷ್ಯರ ವಿನ್ಯಾಸಕ್ಕೆ ಬಳಸುವುದನ್ನು ಇಂಗ್ಲಿಷಿನಲ್ಲಿ ಬಯೋಮಿಮಿಕ್ರಿ ಎನ್ನುತ್ತಾರೆ. ಕನ್ನಡದಲ್ಲಿ ಜೈವಿಕ ಅನುಕರಣೆ ಎಂದು ಬರೆಯುವುದುಂಟು. 1997ರಲ್ಲಿ ಜನೀನ್ ಬೆನ್ಯಸ್ ಅವರು ಇದೇ ಹೆಸರಿನ ಪುಸ್ತಕ ಬರೆದ ಮೇಲೆ ಪದ ಹೆಚ್ಚು ಬಳಕೆಗೆ ಬಂತು. ‘ಅನುಕರಣೆ’ ಎಂಬ ಮಾತು ನನಗೆ ಅಷ್ಟು ಸರಿ ಕಾಣುವುದಿಲ್ಲ. ಅನುಕರಣೆ ಎಂದಾಗ ಮಗುವಿನ ಮನಸ್ಸಿನಲ್ಲಿ ಆಕಾರದ ನಕಲು ಮೂಡುತ್ತದೆ. ರೆಕ್ಕೆ ಕಟ್ಟಿಕೊಂಡು ಬಡಿದವರು ಹಾರಲಿಲ್ಲ; ರೆಕ್ಕೆಯ ಬಾಗಿದ ಮೈಯಿಂದ ಗಾಳಿ ಹೇಗೆ ಮೇಲಕ್ಕೆತ್ತುವ ಬಲ ಕೊಡುತ್ತದೆ ಎಂದು ತಿಳಿದ ಮೇಲೆ, ಬಡಿಯದ ರೆಕ್ಕೆಯ ವಿಮಾನ ಹಾರಿತು. ತೆಗೆದುಕೊಂಡದ್ದು ತತ್ವ, ಬಿಟ್ಟದ್ದು ಬಡಿತ.

ಬಟ್ಟೆಗೆ ಅಂಟುವ ಕಾಯಿಗಳಿಂದ ಆರಂಭ

ಹುತ್ತಕ್ಕೆ ಹೋಗುವ ಮೊದಲು ಸುಲಭವಾದ ಒಂದನ್ನು ನೋಡೋಣ. ಶಾಲೆಯ ಚೀಲ, ಬೂಟುಗಳ ಮೇಲಿನ ‘ಪರ್ರ್’ ಎಂದು ಬಿಚ್ಚುವ ಪಟ್ಟಿ ಮಕ್ಕಳಿಗೆಲ್ಲ ಗೊತ್ತು. ಅದು ವೆಲ್ಕ್ರೊ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ ತನ್ನ ನಾಯಿಯ ಕೂದಲಿಗೂ ತನ್ನ ಬಟ್ಟೆಗೂ ಅಂಟಿದ ಬರ್ಡಾಕ್ ಎಂಬ ಗಿಡದ ಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮುಳ್ಳಿನ ತುದಿಯಲ್ಲಿ ಸಣ್ಣ ಕೊಕ್ಕೆಗಳಿದ್ದವು. ಅವು ಬಟ್ಟೆಯ ನೂಲಿನ ಕುಣಿಕೆಗಳಿಗೆ ಸಿಕ್ಕಿಕೊಂಡಿದ್ದವು. ಒಂದು ಪಟ್ಟಿಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಕುಣಿಕೆ ಮಾಡುವ ಈ ವಿಚಾರಕ್ಕೆ ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. ನೋಡಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಹದಿನಾಲ್ಕು ವರ್ಷ. ಈ ಹದಿನಾಲ್ಕು ವರ್ಷವನ್ನು ಮಕ್ಕಳಿಗೆ ಹೇಳದೆ ಬಿಡಬಾರದು.

ಬರ್ಡಾಕ್ ನಮ್ಮಲ್ಲಿ ಬೆಳೆಯುವುದಿಲ್ಲ. ಆದರೆ ಕೆರೆಯಂಗಳದಲ್ಲಿ, ತಿಪ್ಪೆಯ ಬಳಿ ಬೆಳೆಯುವ ಮರುಳುಮ್ಮತ್ತಿ ಅದೇ ಸೂರ್ಯಕಾಂತಿಯ ಕುಟುಂಬದ್ದು; ಅದರ ಕಾಯಿಯ ಮೈತುಂಬ ತುದಿ ಬಾಗಿದ ಮುಳ್ಳುಗಳಿವೆ. ಇದರ ಜೊತೆಗೆ ಉತ್ತರಾಣಿಯ ಒಂದು ಕಡ್ಡಿ, ನೆಗ್ಗಿಲ ಮುಳ್ಳಿನ ಒಂದು ಕಾಯಿ ತಂದು ಮೂರನ್ನೂ ಮಸೂರದಡಿ ಇಟ್ಟರೆ ಪಾಠದ ದಿಕ್ಕೇ ಬದಲಾಗುತ್ತದೆ. ಮೂರೂ ಬೀಜವನ್ನು ದೂರ ಸಾಗಿಸುತ್ತವೆ. ಮರುಳುಮ್ಮತ್ತಿಯದು ಕೊಕ್ಕೆ. ಉತ್ತರಾಣಿಯದು ಕೊಕ್ಕೆಯಲ್ಲ, ಕಾಯಿ ಕಡ್ಡಿಯ ಮೇಲೆ ಕೆಳಮುಖವಾಗಿ ಒರಗಿಕೊಂಡಿದ್ದು, ಈಟಿಯಂತೆ ಚೂಪಾದ ಎಸಳುಗಳು ಲಂಗ ಪಂಚೆಗಳಿಗೆ ಚುಚ್ಚಿಕೊಳ್ಳುತ್ತವೆ. ನೆಗ್ಗಿಲು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕಿರುತ್ತದೆ. ಅದು ಸವಾರಿ ಮಾಡುವುದು ಪಾದದ, ಗೊರಸಿನ, ಸೈಕಲ್ ಟೈರಿನ ಮೇಲೆ. ಕೆಲಸ ಒಂದೇ, ಬಗೆ ಮೂರು. ಇವುಗಳಲ್ಲಿ ಯಾವುದನ್ನು ಬಿಚ್ಚಿ ಮತ್ತೆ ಹಾಕಬಹುದು? ಯಾವುದಕ್ಕೆ ಎದುರುಗಡೆ ನೂಲಿನಂಥ ಮೇಲ್ಮೈ ಬೇಕೇ ಬೇಕು? ನೈಲಾನ್ ಚೀಲದ ಮೇಲೆ, ಹತ್ತಿ ಬಟ್ಟೆಯ ಮೇಲೆ, ಕಂಬಳಿಯ ಮೇಲೆ ಒತ್ತಿ ನೋಡಿದರೆ ಏಳನೆಯ ತರಗತಿಯ ಮಕ್ಕಳೇ ಉತ್ತರ ಹೇಳುತ್ತಾರೆ. ಮೆಸ್ತ್ರಾಲ್ ಏಕೆ ಕೊಕ್ಕೆಯನ್ನೇ ಆರಿಸಿಕೊಂಡರು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಇಲ್ಲಿಂದ ಮೂರು ಪ್ರಶ್ನೆಗಳನ್ನು ಪ್ರಶಿಕ್ಷಣಾರ್ಥಿಗಳು ಕೈಯಲ್ಲಿಟ್ಟುಕೊಳ್ಳಬಹುದು. ಈ ಜೀವಿಗೆ ಇದರಿಂದ ಯಾವ ಕೆಲಸ ಆಗುತ್ತದೆ? ಅದು ಯಾವ ತತ್ವದಿಂದ ಆಗುತ್ತದೆ? ಯಾವ ಪರಿಸ್ಥಿತಿಯಲ್ಲಿ ಮಾತ್ರ ಆಗುತ್ತದೆ? ಮೂರನೆಯದನ್ನು ನಾವು ಕೇಳುವುದೇ ಇಲ್ಲ, ಎಡವುವುದೂ ಅಲ್ಲಿಯೇ.

ಹುತ್ತ: ಯಾರ ಮನೆ, ಎಂಥ ಮನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಶಾಲೆಯ ಮಗುವಿಗೂ ಹುತ್ತವನ್ನು ಪರಿಚಯಿಸಬೇಕಾಗಿಲ್ಲ. ಹೊಂಗೆ ಮರದ ಬುಡದಲ್ಲಿ, ಬೇವಿನ ಕಟ್ಟೆಯ ಪಕ್ಕದಲ್ಲಿ, ಕಡಲೆಕಾಯಿ ಹೊಲದ ಬದುವಿನಲ್ಲಿ ಅದು ಇದ್ದೇ ಇದೆ. ಪಾಠದ ಆರಂಭ ಹೀಗಿರಬಹುದು:

‘ಹುತ್ತ ಯಾರು ಕಟ್ಟಿದ್ದು?’

‘ಹಾವು, ಮೇಡಂ.’

‘ಹಾವಿಗೆ ಕೈಯೇ ಇಲ್ವಲ್ಲ ಮೇಡಂ. ಗೆದ್ಲು ಕಟ್ಟೋದು, ಹಾವು ಬಂದು ಸೇರ್ಕಳೋದು.’

‘ಸರಿ ಕಣಮ್ಮ. ಗೆದ್ಲು ಇರೋ ಹುತ್ತಕ್ಕೆ ಬಾಗಿಲು, ಕಿಟಕಿ ಎಲ್ಲಿದೆ?’

‘ಇರಲ್ಲ ಮೇಡಂ. ಮುಚ್ಚೇ ಇರುತ್ತೆ. ಒಂಚೂರು ಒಡೆದ್ರೂ ಮಾರನೆ ದಿನಕ್ಕೆ ಮೆತ್ತಿರ್ತಾವೆ.’

‘ಅಷ್ಟೊಂದು ಜೀವ ಮುಚ್ಚಿದ ಮನೇಲಿ ಇದ್ರೆ, ಗಾಳಿ ಹೆಂಗಪ್ಪ?’

ಇಷ್ಟು ಸಾಕು. ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ನಮ್ಮ ಕಡೆ ಎತ್ತರದ, ಮೈಮೇಲೆ ಏಣುಗಳಿರುವ ಹುತ್ತ ಕಟ್ಟುವ ಗೆದ್ದಲಿನ ಮುಖ್ಯ ಪ್ರಭೇದ ಒಡೊಂಟೊಟರ್ಮಿಸ್ ಒಬೆಸಸ್. ಇದು ಬೇಸಾಯಗಾರ ಗೆದ್ದಲು. ಒಣ ಎಲೆ, ಕಡ್ಡಿ, ಕೂಳೆಗಳನ್ನು ತಂದು ಒಳಗಿನ ಕೋಣೆಗಳಲ್ಲಿ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಬುಡದಲ್ಲಿ ಏಳುವ ಅಣಬೆ ಆ ಬೇಸಾಯದ್ದೇ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ಈಸಲು ಹುಳುಗಳು ಇಂಥ ಗೂಡುಗಳಿಂದ ಹಾರಿಬಂದ ರೆಕ್ಕೆಯ ಗೆದ್ದಲುಗಳು. ಗೆದ್ದಲು ಬಹುಪಾಲು ವಾಸಿಸುವುದು ನೆಲಮಟ್ಟದ ಆಸುಪಾಸಿನ ಗೂಡಿನಲ್ಲಿ. ಮೇಲೆ ಕಾಣುವ ಗೋಪುರದಲ್ಲಿ ಹೆಚ್ಚಾಗಿ ಇರುವುದು ಟೊಳ್ಳು ದಾರಿಗಳು. ಗೆದ್ದಲೂ ಉಸಿರಾಡುತ್ತದೆ, ಶಿಲೀಂಧ್ರವೂ ಉಸಿರಾಡುತ್ತದೆ. ಹೀಗಾಗಿ ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರುತ್ತಲೇ ಇರುತ್ತದೆ. ಅದು ಹೊರಗೆ ಹೋಗಲೇಬೇಕು.

ಒಂದು ಸೊಗಸಾದ ತಪ್ಪು ತಿಳಿವಳಿಕೆ

1961ರಲ್ಲಿ ಮಾರ್ಟಿನ್ ಲೂಷರ್ ಎಂಬ ಸ್ವಿಸ್ ವಿಜ್ಞಾನಿ ಆಫ್ರಿಕಾದ ಹುತ್ತಗಳ ಬಗ್ಗೆ ಒಂದು ವಿವರಣೆ ಕೊಟ್ಟರು. ಗೂಡಿನಲ್ಲಿರುವ ಗೆದ್ದಲು ಮತ್ತು ಶಿಲೀಂಧ್ರದ ಶಾಖಕ್ಕೆ ಗಾಳಿ ಬಿಸಿಯಾಗಿ ಮೇಲೇರುತ್ತದೆ; ಗೋಪುರದ ಗೋಡೆಯ ಬಳಿ ತಣ್ಣಗಾಗಿ, ಹೊಸ ಗಾಳಿ ಬೆರೆತು, ಕೆಳಗಿಳಿಯುತ್ತದೆ; ಹೀಗೆ ಚಕ್ರ ಸುತ್ತುತ್ತದೆ ಎಂಬುದು ಅದರ ಸಾರ. ಇದರ ಜೊತೆಗೆ ‘ಹೊರಗೆ ಎಷ್ಟೇ ಬಿಸಿಲಿರಲಿ ಹುತ್ತದ ಒಳಗಿನ ತಾಪ ಒಂದೇ ಸಮ’ ಎಂಬ ಮಾತೂ ಪ್ರಚಾರಕ್ಕೆ ಬಂತು. ಕೇಳಲು ಎಷ್ಟು ಚೆಂದವಿದೆ ಎಂದರೆ, ಅಳೆದು ನೋಡಬೇಕೆಂದು ಬಹಳ ಕಾಲ ಹೆಚ್ಚು ಜನರಿಗೆ ಅನ್ನಿಸಲಿಲ್ಲ.

1996ರಲ್ಲಿ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಈಸ್ಟ್‌ಗೇಟ್ ಎಂಬ ಕಚೇರಿ ಮತ್ತು ಅಂಗಡಿಗಳ ಸಂಕೀರ್ಣ ತೆರೆಯಿತು. ವಾಸ್ತುಶಿಲ್ಪಿ ಮಿಕ್ ಪಿಯರ್ಸ್. ಹುತ್ತದ ಈ ವಿವರಣೆ ಅವರಿಗೆ ಪ್ರೇರಣೆ. ಕಟ್ಟಡದಲ್ಲಿ ಮಾಮೂಲಿ ಏರ್‌ಕಂಡಿಷನ್ ವ್ಯವಸ್ಥೆ ಇಲ್ಲ. ರಾತ್ರಿಯ ತಂಪು ಗಾಳಿಯನ್ನು ಫ್ಯಾನುಗಳಿಂದ ಟೊಳ್ಳು ನೆಲಗಳ ಮೂಲಕ ಹಾಯಿಸಿ ಕಾಂಕ್ರೀಟನ್ನು ತಣ್ಣಗೆ ಮಾಡುತ್ತಾರೆ. ಹಗಲಲ್ಲಿ ಆ ತಂಪು ಒಳಗಿನವರಿಗೆ ಸಿಗುತ್ತದೆ. ಬಿಸಿಯಾದ ಗಾಳಿ ಮೇಲಿನ ಚಿಮಣಿಗಳಿಂದ ಹೊರಹೋಗುತ್ತದೆ. ಕಟ್ಟಡ ಚೆನ್ನಾಗಿ ಕೆಲಸ ಮಾಡಿತು, ಹೆಸರಾಯಿತು, ನಮ್ಮ ಕೋಷ್ಟಕದ ಕೊನೆಯ ಸಾಲಾಯಿತು.

ಆದರೆ ಹುತ್ತಗಳಲ್ಲಿ ನಿಜವಾಗಿ ಅಳತೆ ಮಾಡಿದವರಿಗೆ ಬೇರೆಯದೇ ಕಂಡಿತು. ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ 2008ರಲ್ಲಿ ಇದನ್ನು ನೇರವಾಗಿಯೇ ಬರೆದರು. ಅವರು ನೋಡಿದ ಆಫ್ರಿಕಾದ ಹುತ್ತಗಳಲ್ಲಿ ಗೂಡಿನ ತಾಪ ವರ್ಷವಿಡೀ ಒಂದೇ ಸಮ ಇರಲಿಲ್ಲ. ಸುತ್ತಲಿನ ನೆಲದ ತಾಪ ಏರಿದಂತೆ ಏರಿ, ಇಳಿದಂತೆ ಇಳಿಯುತ್ತಿತ್ತು. ಗೋಪುರ ಇರುವುದು ಗೂಡನ್ನು ತಂಪು ಮಾಡಲು ಅಲ್ಲ. ಅದು ಹೆಚ್ಚುಕಡಿಮೆ ಶ್ವಾಸಕೋಶದಂತೆ. ಹೊರಗಿನ ಗಾಳಿಯ ಏರಿಳಿತವನ್ನು ಬಳಸಿಕೊಂಡು ಅನಿಲಗಳ ವಿನಿಮಯಕ್ಕೆ ನೆರವಾಗುತ್ತದೆ. ಅಂದರೆ ಈಸ್ಟ್‌ಗೇಟ್ ಕಟ್ಟಡ ಯಶಸ್ವಿಯಾದದ್ದು ಹುತ್ತ ಮಾಡದ ಕೆಲಸವೊಂದನ್ನು ಹುತ್ತ ಮಾಡುತ್ತದೆಂದು ನಂಬಿ!

ಬೆಂಗಳೂರಿನ ಹುತ್ತಗಳು ಹೇಳಿದ್ದು

ಆಫ್ರಿಕಾದ ಆ ಹುತ್ತಗಳೂ ನಮ್ಮವೂ ಒಂದೇ ಅಲ್ಲ. ಪ್ರಭೇದ ಬೇರೆ, ಆಕಾರ ಬೇರೆ. ನಮ್ಮ ಒಡೊಂಟೊಟರ್ಮಿಸ್ ಹುತ್ತ ಹೇಗೆ ಉಸಿರಾಡುತ್ತದೆ ಎಂದು ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಒಕೊ ಮತ್ತು ಎಲ್. ಮಹಾದೇವನ್ ಬೆಂಗಳೂರಿನ ಹುತ್ತಗಳಲ್ಲಿ ಅಳೆದು 2015ರಲ್ಲಿ ಪ್ರಕಟಿಸಿದರು. ಹುತ್ತದೊಳಗಿನ ಗಾಳಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಚಲಿಸುತ್ತದೆ. ಇಷ್ಟು ನಿಧಾನದ ಗಾಳಿಯನ್ನು ಇಕ್ಕಟ್ಟಾದ ದಾರಿಯಲ್ಲಿ ಅಳೆಯುವ ಉಪಕರಣವನ್ನು ಅವರೇ ಮಾಡಿಕೊಳ್ಳಬೇಕಾಯಿತು.

ಅವರಿಗೆ ಕಂಡದ್ದು ಇದು. ಹಗಲಲ್ಲಿ ಬಿಸಿಲು ಬಿದ್ದಾಗ ಹುತ್ತದ ಹೊರಮೈಯ ತೆಳುವಾದ ಏಣುಗಳು ಬೇಗ ಬಿಸಿಯಾಗುತ್ತವೆ. ನಡುಭಾಗ ಬೇಗ ಬಿಸಿಯಾಗುವುದಿಲ್ಲ. ಏಣುಗಳ ಒಳಗಿನ ಗಾಳಿ ಮೇಲೇರುತ್ತದೆ, ನಡುವಿನ ಗಾಳಿ ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣ್ಣಗಾಗುತ್ತವೆ; ನಡುಭಾಗ ಬೆಚ್ಚಗೇ ಉಳಿಯುತ್ತದೆ. ಆಗ ಚಕ್ರ ತಿರುಗುಮುರುಗು: ನಡುವೆ ಏರು, ಅಂಚಿನಲ್ಲಿ ಇಳಿ. ಹಗಲಲ್ಲಿ ಗೂಡಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತಾ ಹೋಗಿ, ರಾತ್ರಿಯ ಈ ಚಲನೆಯಲ್ಲಿ ತೆರವಾಗುತ್ತದೆ. ಗೋಡೆಯಲ್ಲಿ ಕಣ್ಣಿಗೆ ಕಾಣುವ ತೂತುಗಳಿಲ್ಲದಿದ್ದರೂ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಅನಿಲಗಳು ಹರಡಿಕೊಂಡು ಹೊರಹೋಗುತ್ತವೆ. ಗೆದ್ದಲಿಲ್ಲದ ಪಾಳುಹುತ್ತದಲ್ಲೂ ಗಾಳಿ ಹೀಗೆಯೇ ಚಲಿಸುವುದನ್ನು ಅವರು ನೋಡಿದರು. ಹಾಗಾದರೆ ಗಾಳಿಯನ್ನು ತಳ್ಳುತ್ತಿರುವುದು ಗೆದ್ದಲಿನ ಮೈಶಾಖವಲ್ಲ, ಹಗಲು–ರಾತ್ರಿಯ ತಾಪದ ಏರಿಳಿತ.

ಪಾಳುಹುತ್ತವನ್ನು ಅಳೆದ ಈ ಹೆಜ್ಜೆಯನ್ನು ಪಾಠದಲ್ಲಿ ಬಿಡಲೇಬಾರದು. ‘ಚರಾಂಶ’, ‘ನಿಯಂತ್ರಿತ ಪ್ರಯೋಗ’ ಎಂದು ವ್ಯಾಖ್ಯೆ ಬರೆಸುವುದಕ್ಕಿಂತ, ‘ಗೆದ್ದಲೇ ಕಾರಣವೋ ಅಲ್ಲವೋ ಹೆಂಗೆ ಕಂಡುಹಿಡೀತೀರಿ?’ ಎಂದು ಕೇಳಿ ಐದು ನಿಮಿಷ ಬಿಡಿ. ‘ಗೆದ್ದಲಿಲ್ಲದ ಹುತ್ತ ನೋಡ್ಬೇಕು’ ಎಂದು ಯಾರಾದರೂ ಒಬ್ಬರು ಹೇಳಿದರೆ ಆ ದಿನದ ಪಾಠ ಅಲ್ಲಿಗೇ ನಿಂತರೂ ನಷ್ಟವಿಲ್ಲ.

ಪಠ್ಯದೊಂದಿಗಿನ ಕೊಂಡಿಯೂ ಇಲ್ಲೇ ಇದೆ. ಏಳನೆಯ ತರಗತಿಯ ‘ಉಷ್ಣ’ ಪಾಠದಲ್ಲಿ ಸಂವಹನಕ್ಕೆ ಕೊಡುವ ದೊಡ್ಡ ಉದಾಹರಣೆ ಸಮುದ್ರಗಾಳಿ ಮತ್ತು ಭೂಗಾಳಿ. ನಮ್ಮ ನಾಲ್ಕು ತಾಲ್ಲೂಕುಗಳ ಎಷ್ಟೋ ಮಕ್ಕಳು ಸಮುದ್ರ ನೋಡಿಲ್ಲ. ಬಾಣದ ಗುರುತಿನ ಚಿತ್ರವನ್ನು ಉರುಹೊಡೆದು ಬಾಣ ತಿರುಗಿಸುವುದನ್ನು ಮರೆತು ಅಂಕ ಕಳೆದುಕೊಳ್ಳುತ್ತಾರೆ. ಹುತ್ತದಲ್ಲಿ ನಡೆಯುವುದು ಅದೇ ಬಗೆಯ ಆಟ. ಬೇಗ ಕಾಯುವ ಒಂದು ಭಾಗ, ನಿಧಾನ ಕಾಯುವ ಇನ್ನೊಂದು ಭಾಗ, ಹಗಲು ಒಂದು ದಿಕ್ಕು, ರಾತ್ರಿ ಇನ್ನೊಂದು ದಿಕ್ಕು. ಅಲ್ಲಿ ನೆಲ ಮತ್ತು ನೀರು. ಇಲ್ಲಿ ಏಣು ಮತ್ತು ನಡು. ಎನ್‌ಸಿಎಫ್ 2005 ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂದದ್ದನ್ನು ಪ್ರತಿ ಪಾಠಯೋಜನೆಯ ಮೊದಲ ಪುಟದಲ್ಲಿ ಬರೆಯುತ್ತೇವೆ. ಜೋಡಿಸಲು ಇದಕ್ಕಿಂತ ಹತ್ತಿರದ್ದು ಸಿಗುವುದು ಕಷ್ಟ.

ಇದನ್ನು ತೋರಿಸುವ ಸಾಧನ ಹಳೆಯದೇ. ಒಂದು ಬೂಟಿನ ಡಬ್ಬದ ಮುಚ್ಚಳದಲ್ಲಿ ಅಂತರವಿಟ್ಟು ಎರಡು ತೂತು ಮಾಡಿ, ಎರಡಕ್ಕೂ ದಪ್ಪ ಕಾಗದದ ಕೊಳವೆ ನಿಲ್ಲಿಸಿ. ಮುಂಬದಿ ಕತ್ತರಿಸಿ ಪಾರದರ್ಶಕ ಹಾಳೆ ಅಂಟಿಸಿ. ಒಂದು ಕೊಳವೆಯ ನೇರ ಕೆಳಗೆ ಗಿಡ್ಡ ಮೇಣದಬತ್ತಿ ಹಚ್ಚಿಟ್ಟು, ಇನ್ನೊಂದು ಕೊಳವೆಯ ಬಾಯಿಗೆ ಊದುಬತ್ತಿ ಹಿಡಿದರೆ ಹೊಗೆ ಒಳಗಿಳಿದು, ಅಡ್ಡ ಸಾಗಿ, ಬತ್ತಿಯ ಮೇಲಿನ ಕೊಳವೆಯಿಂದ ಹೊರಬರುತ್ತದೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಈಗ ಬತ್ತಿಯನ್ನು ಇನ್ನೊಂದು ಕೊಳವೆಯ ಕೆಳಗೆ ಇಡಿ. ಹೊಗೆಯ ದಿಕ್ಕು ತಿರುಗುತ್ತದೆ. ಹಗಲ ಹುತ್ತ ರಾತ್ರಿಯ ಹುತ್ತವಾಯಿತು. ರಟ್ಟಿಗೆ ಬೆಂಕಿ ತಾಗದಂತೆ ಬತ್ತಿಯ ಕೆಳಗೆ ತಟ್ಟೆ, ಪಕ್ಕದಲ್ಲಿ ನೀರು ಇರಲಿ. ಬತ್ತಿ ಮುಟ್ಟುವ ಕೆಲಸ ಶಿಕ್ಷಕರದ್ದು.

ಮಣ್ಣಿನ ಲೆಕ್ಕ

ಹುತ್ತದ ಮಣ್ಣು ಗಟ್ಟಿ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಒಲೆ ಹಾಕಲು, ಗೋಡೆ ಮೆತ್ತಲು ಅದನ್ನು ತರುತ್ತಿದ್ದರು. ಎಷ್ಟು ಗಟ್ಟಿ, ಏಕೆ ಗಟ್ಟಿ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಿ ರೆನೀ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರ್ ತೇಜಸ್ ಮೂರ್ತಿ ಅವರ ತಂಡ ಅಧ್ಯಯನ ಮಾಡಿದೆ. ಜೀವಶಾಸ್ತ್ರದವರೂ ಎಂಜಿನಿಯರಿಂಗಿನವರೂ ಒಂದೇ ಹುತ್ತದ ಮುಂದೆ ಕೂತದ್ದನ್ನು ಗಮನಿಸಬೇಕು. ಈ ಕ್ಷೇತ್ರ ನಡೆಯುವುದೇ ಹಾಗೆ.

ಗೆದ್ದಲು ಒದ್ದೆ ಮಣ್ಣನ್ನು ತನ್ನ ಸ್ರಾವದೊಂದಿಗೆ ಕಲಸಿ ಸಣ್ಣ ಉಂಡೆ ಮಾಡಿ, ಒಯ್ದು, ಒಂದರ ಪಕ್ಕ ಒಂದು ಇಡುತ್ತದೆ. ಹೀಗೆ ಬೆಸೆದ ಮಣ್ಣು ಸುತ್ತಲಿನ ಮಣ್ಣಿಗಿಂತ ಸುಮಾರು ಹತ್ತು ಪಟ್ಟು ಬಲವಾಗಿರುತ್ತದೆ. 2017ರಲ್ಲಿ ಈ ತಂಡ ಪ್ರಕಟಿಸಿದ ಇನ್ನೊಂದು ಸಂಗತಿ ಮಕ್ಕಳಿಗೆ ಬಹಳ ಹಿಡಿಸುವಂಥದ್ದು: ಉಂಡೆಗಳ ಗಾತ್ರ ಒಂದೇ ಅಲ್ಲ, ಎರಡು ಬಗೆ. ದೊಡ್ಡ ಉಂಡೆಗಳ ಸಂದಿನಲ್ಲಿ ಚಿಕ್ಕವು ಕೂರುತ್ತವೆ. ಖಾಲಿ ಜಾಗ ಕಡಿಮೆಯಾಗುತ್ತದೆ. ಗಾರೆ ಕೆಲಸದವರು ಜಲ್ಲಿಯ ಜೊತೆ ಮರಳು ಬೆರೆಸುವುದು ಇದೇ ಕಾರಣಕ್ಕೆ. ತರಗತಿಯಲ್ಲಿ ಒಂದು ಪಾವಿನ ತುಂಬ ಕಡಲೆಕಾಯಿ ಬೀಜ ಹಾಕಿ, ‘ತುಂಬಿತಾ?’ ಎಂದು ಕೇಳಿ. ಆಮೇಲೆ ರಾಗಿ ಸುರಿಯುತ್ತಾ ಹೋಗಿ. ಎಷ್ಟು ರಾಗಿ ಹಿಡಿಯಿತು ಎಂದು ಅಳೆಯಬಹುದು. ಮೊದಲು ರಾಗಿ ತುಂಬಿ ಆಮೇಲೆ ಬೀಜ ಹಾಕಲು ಹೋದರೆ ಏನಾಗುತ್ತದೆ ಎಂದೂ ಕೇಳಬಹುದು.

ಇನ್ನೊಂದು ಸಣ್ಣ ಪರೀಕ್ಷೆ: ಮಳೆಗೋ ದನದ ಕಾಲಿಗೋ ಸಿಕ್ಕಿ ಬಿದ್ದ ಹುತ್ತದ ಒಂದು ಹೆಂಟೆ, ಅಷ್ಟೇ ಗಾತ್ರದ, ಪಕ್ಕದ ಹೊಲದ ಮಣ್ಣನ್ನು ಕಲಸಿ ಒಣಗಿಸಿದ ಒಂದು ಉಂಡೆ. ಎರಡನ್ನೂ ಎರಡು ಲೋಟ ನೀರಿನಲ್ಲಿ ಬಿಟ್ಟು ಯಾವುದು ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು. ಫಲಿತಾಂಶವನ್ನು ಮೊದಲೇ ಹೇಳಬೇಡಿ. ಮಕ್ಕಳು ಮೊದಲು ಊಹೆ ಬರೆಯಲಿ, ಊಹೆಗೆ ಕಾರಣವನ್ನೂ ಬರೆಯಲಿ.

ಹುತ್ತದ ಬಳಿ ಹೋಗುವಾಗ

ಎರಡು ಎಚ್ಚರಿಕೆ. ಹುತ್ತದಲ್ಲಿ ಹಾವಿರಬಹುದು. ತೂತು ಕಾಣುವ ಹುತ್ತದ ಹತ್ತಿರ ಮಕ್ಕಳನ್ನು ಬಿಡಬಾರದು, ಯಾವ ಹುತ್ತಕ್ಕೂ ಕೈ, ಕಡ್ಡಿ ಹಾಕಬಾರದು. ಇನ್ನೊಂದು, ನಾಗರ ಪಂಚಮಿಗೆ ತನಿ ಎರೆಯುವ ಹುತ್ತ ಊರಿನವರ ಪಾಲಿಗೆ ದೇವರ ಜಾಗ. ಅದನ್ನು ಅಗೆದು ‘ಒಳಗೇನಿದೆ’ ಎಂದು ತೋರಿಸುವುದು ವಿಜ್ಞಾನದ ಪಾಠವಾಗುವುದಿಲ್ಲ. ಊರಿನೊಂದಿಗೆ ಶಾಲೆಯ ಜಗಳವಾಗುತ್ತದೆ. ಅಗೆಯುವ ಅಗತ್ಯವೂ ಇಲ್ಲ. ಪೂಜೆ ನಡೆಯದ, ಬಯಲಿನಲ್ಲಿರುವ ಒಂದು ಹುತ್ತವನ್ನು ಊರಿನ ಹಿರಿಯರನ್ನು ಕೇಳಿ ಆರಿಸಿಕೊಂಡು, ಪ್ರಯೋಗಾಲಯದ ತಾಪಮಾಪಕದ ಬಲ್ಬನ್ನು ಹೊರಮೈಗೆ ತಾಗಿಸಿ, ಮೇಲೊಂದು ಹತ್ತಿಯ ಉಂಡೆ ಒತ್ತಿ ಹಿಡಿದರೆ ಸಾಕು. ಪೂರ್ವದ ಏಣು, ಪಶ್ಚಿಮದ ಏಣು, ಎರಡು ಏಣುಗಳ ನಡುವಿನ ತಗ್ಗು, ಪಕ್ಕದ ನೆಲ. ಬೆಳಿಗ್ಗೆ, ಮಧ್ಯಾಹ್ನ, ಶಾಲೆ ಬಿಡುವ ಹೊತ್ತು. ಹನ್ನೆರಡು ಅಳತೆ ಬರುತ್ತದೆ. ಇದನ್ನು ಮುಟ್ಟುವ ಕೆಲಸವೂ ಶಿಕ್ಷಕರದ್ದೇ. ಓದಿ ಹೇಳುವುದು, ಬರೆಯುವುದು, ನಕ್ಷೆ ಎಳೆಯುವುದು ಮಕ್ಕಳದ್ದು.

ಮಾಳಿಗೆ ಮನೆಯ ಮಾತು ಬಂದೇ ಬರುತ್ತದೆ. ದಪ್ಪ ಮಣ್ಣಿನ ಗೋಡೆ, ಮಣ್ಣು ಹಾಸಿದ ಸೂರು, ಮೇಲೊಂದು ಬೆಳಕಿಂಡಿ. ಮಧ್ಯಾಹ್ನ ಒಳಗೆ ತಂಪು, ರಾತ್ರಿ ಬೆಚ್ಚಗೆ. ‘ನಮ್ಮ ಪೂರ್ವಿಕರು ಹುತ್ತ ನೋಡಿ ಮಾಳಿಗೆ ಮನೆ ಕಟ್ಟಿದರು’ ಎಂದು ಹೇಳಿಬಿಡುವ ಆಸೆ ಪ್ರಶಿಕ್ಷಣಾರ್ಥಿಗಳಿಗೆ ಬರುತ್ತದೆ. ಅದಕ್ಕೆ ಆಧಾರವಿಲ್ಲ, ಹೇಳಬಾರದು. ಹೇಳಬಹುದಾದದ್ದು ಇಷ್ಟು: ದಪ್ಪ ಗೋಡೆ ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ಮಾಳಿಗೆ ಮನೆಯೂ ಈಸ್ಟ್‌ಗೇಟ್ ಕಟ್ಟಡವೂ ಆ ತತ್ವವನ್ನು ಬಳಸುತ್ತವೆ, ಹುತ್ತ ಅದೇ ಹಗಲು–ರಾತ್ರಿಯ ಅಂತರವನ್ನು ಬೇರೊಂದು ಕೆಲಸಕ್ಕೆ, ಉಸಿರಾಟಕ್ಕೆ, ಬಳಸುತ್ತದೆ. ಈಸ್ಟ್‌ಗೇಟ್ ಬಗ್ಗೆಯೂ ನನ್ನ ಅಭಿಪ್ರಾಯ ಹೀಗೆಯೇ. ತಪ್ಪು ವಿವರಣೆಯಿಂದ ಹುಟ್ಟಿದರೂ ಕಟ್ಟಡದ ಭೌತಶಾಸ್ತ್ರ ಸರಿಯಾಗಿತ್ತು, ಎಂಜಿನಿಯರುಗಳು ಲೆಕ್ಕ ಹಾಕಿ ಕಟ್ಟಿದ್ದರು. ಆದ್ದರಿಂದ ಅದು ನಿಂತಿತು. ಅದನ್ನು ಕೋಷ್ಟಕದಿಂದ ಅಳಿಸುವುದು ಬೇಡ. ಗೆರೆಯ ಮೇಲೆ ಈ ಕಥೆ ಬರೆಯಬೇಕು.

ಉಳಿದ ಸಾಲುಗಳು

ಮಿಂಚುಳ್ಳಿಯ ಸಾಲನ್ನು ಎಂಟನೆಯ ತರಗತಿಯ ‘ಘರ್ಷಣೆ’ ಪಾಠಕ್ಕೆ, ದ್ರವ ಮತ್ತು ಅನಿಲಗಳ ಎಳೆತದ ಭಾಗಕ್ಕೆ ಜೋಡಿಸುವುದು ಉತ್ತಮ. ಜಪಾನಿನ 500 ಸರಣಿಯ ರೈಲು 1997ರಲ್ಲಿ ಓಡಲಾರಂಭಿಸಿತು. ರೈಲು ವೇಗವಾಗಿ ಸುರಂಗ ಹೊಕ್ಕಾಗ ಮುಂದಿನ ಗಾಳಿ ಅದುಮಿಕೊಂಡು ಇನ್ನೊಂದು ತುದಿಯಲ್ಲಿ ದೊಡ್ಡ ಸದ್ದು ಮಾಡುತ್ತಿತ್ತು. ಹಕ್ಕಿ ವೀಕ್ಷಣೆಯ ಹವ್ಯಾಸವಿದ್ದ ಎಂಜಿನಿಯರ್ ಐಜಿ ನಕಾತ್ಸು ಅವರಿಗೆ ಹೊಳೆದ ಪ್ರಶ್ನೆ: ತೆಳುವಾದ ಗಾಳಿಯಿಂದ ದಟ್ಟವಾದ ನೀರಿಗೆ ಹೆಚ್ಚು ನೀರು ಸಿಡಿಸದೆ ಧುಮುಕುವವರು ಯಾರು? ಇಲ್ಲಿ ಗಮನಿಸಬೇಕಾದದ್ದು ದಿಕ್ಕು. ಅವರು ಮಿಂಚುಳ್ಳಿ ನೋಡಿ ರೈಲು ಮಾಡಲಿಲ್ಲ; ರೈಲಿನ ತೊಂದರೆ ಹಿಡಿದುಕೊಂಡು ಮಿಂಚುಳ್ಳಿಯ ಬಳಿ ಹೋದರು. ತಾವರೆ ಎಲೆಯದು ಹೆಚ್ಚು ಹೊತ್ತು ಬೇಡ: ಬಚ್ಚಲ ನೀರಿಗೆ ಬೆಳೆದ ಕೆಸುವಿನ ಎಲೆ ತಂದು ಬೂದಿ ಉದುರಿಸಿ ನೀರು ಹನಿಸಿದರೆ, ಹನಿ ಉರುಳುತ್ತಾ ಬೂದಿಯನ್ನು ಹೊತ್ತುಕೊಂಡು ಹೋಗುವುದು ಕಾಣುತ್ತದೆ. ಅದೇ ಎಲೆಯನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿ ಮತ್ತೆ ಹನಿಸಿ ನೋಡಲು ಹೇಳಿ. ಮೇಲ್ಮೈಯ ಸೂಕ್ಷ್ಮ ಉಬ್ಬುಗಳೂ ಮೇಣವೂ ಹಾಳಾದರೆ ಏನಾಗುತ್ತದೆ ಎಂಬುದೇ ಮೂರನೆಯ ಪ್ರಶ್ನೆಯ, ಅಂದರೆ ‘ಯಾವ ಪರಿಸ್ಥಿತಿಯಲ್ಲಿ ಮಾತ್ರ’ ಎಂಬುದರ, ಉತ್ತರ.

ನಕಾತ್ಸು ಹೋದ ದಿಕ್ಕಿನಲ್ಲೇ ಮಕ್ಕಳನ್ನೂ ಕರೆದೊಯ್ಯಬಹುದು. ತಗಡಿನ ಸೂರಿನ ತರಗತಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂರಲಾಗದು. ಇದು ನಿಜವಾದ ತೊಂದರೆ, ಮಕ್ಕಳದೇ ತೊಂದರೆ. ಈ ಬಿಸಿಲಿನಲ್ಲಿ ಇಲ್ಲಿ ಬದುಕುವವರು ಇನ್ನಾರು, ಅವರು ಏನು ಮಾಡುತ್ತಾರೆ ಎಂದು ಪಟ್ಟಿ ಮಾಡಿಸಿ. ನಾಯಿ ಮರದಡಿ ನೆಲ ಕೆರೆದು ತಣ್ಣನೆಯ ಮಣ್ಣಿನಲ್ಲಿ ಮಲಗುತ್ತದೆ. ಇಲಿ ಬಿಲದೊಳಗಿರುತ್ತದೆ. ಪಾಪಾಸುಕಳ್ಳಿ ಎಲೆಯನ್ನೇ ಬಿಟ್ಟುಕೊಟ್ಟಿದೆ. ಹುತ್ತ ಏಣು ಕಟ್ಟಿಕೊಂಡಿದೆ. ಗುಂಪು ಗುಂಪಾಗಿ ಒಂದೊಂದು ಜೀವಿಯನ್ನು ಹಿಡಿದು, ಅದರಿಂದ ಒಂದು ತತ್ವ ತೆಗೆದು, ರಟ್ಟಿನ ಡಬ್ಬದಲ್ಲಿ ತರಗತಿಯ ಮಾದರಿ ಮಾಡಿ, ಬಿಸಿಲಿನಲ್ಲಿಟ್ಟು ಒಳಗಿನ ತಾಪ ಅಳೆಯಲಿ. ಪಕ್ಕದಲ್ಲಿ ಏನೂ ಮಾಡದ ಒಂದು ಡಬ್ಬವೂ ಇರಬೇಕು. ಅಂಕ ಕೊಡುವಾಗ ಮಾದರಿಯ ಅಂದಕ್ಕೆ ಕಡಿಮೆ, ‘ಇದು ಏಕೆ ತಂಪಾಗುತ್ತದೆ’ ಎಂಬ ಕಾರಣಕ್ಕೆ ಹೆಚ್ಚು, ‘ತಂಪಾಗಲಿಲ್ಲ, ಏಕೆಂದರೆ…’ ಎಂದು ಬರೆದ ಗುಂಪಿಗೂ ಅಷ್ಟೇ ಅಂಕ ಇರಲಿ.

ಒಂದು ವ್ಯಾವಹಾರಿಕ ಸೂಚನೆ. ಈ ಅಳತೆಗಳಿಗೆ ಆಕಾಶ ತಿಳಿಯಾಗಿರುವ ದಿನ ಬೇಕು; ಮೋಡವಿದ್ದರೆ ಏಣಿಗೂ ತಗ್ಗಿಗೂ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಬೋಧನಾಭ್ಯಾಸದ ದಿನಗಳು ಮಳೆಗಾಲದಲ್ಲಿ ಬಿದ್ದರೆ ಮೋಡದ ದಿನದ ಅಳತೆಯನ್ನು ಎಸೆಯದೆ ಅದನ್ನೂ ದಾಖಲೆ ಪುಸ್ತಕದಲ್ಲಿ ಬರೆಸಿ, ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಅದೇ ಹುತ್ತದ ಗುರುತು ಹೇಳಿಹೋಗಿ. ಬಿಸಿಲಿನ ದಿನದ ಅಳತೆಯನ್ನು ಅವರು ಪಕ್ಕದ ಕಂಬಸಾಲಿನಲ್ಲಿ ತುಂಬಿಸಲಿ.